ಅರವತ್ತು ದಾಟಿದವರ ತಾಟಿನಿಂದ ಕಾಳುಪಲ್ಯ ತೆಗೆಯಬೇಡಿರಿ

ಅರವತ್ತು ದಾಟಿದ ಹಿರಿಯರಿಗೆ ನಮ್ಮ ಕಡೆಯ ಮನೆಮಂದಿ ಪ್ರೀತಿಯಿಂದಲೇ ಒಂದು ಅನ್ಯಾಯ ಮಾಡುತ್ತಾರೆ. ಹಲ್ಲು ಸಡಿಲಾದವು, ಇನ್ನು ಅರಗುವುದಿಲ್ಲ ಎಂದು ರೊಟ್ಟಿ ಬಿಡಿಸುತ್ತಾರೆ, ಕಾಳುಪಲ್ಯ ಬಿಡಿಸುತ್ತಾರೆ. ಮೂರು ಹೊತ್ತೂ ಮೆತ್ತನ್ನ ಅನ್ನ, ತಿಳಿಸಾರು, ನಡುವೆ ಚಹಾ, ಟೋಸ್ಟ್. ಹೊಟ್ಟೆ ತುಂಬುತ್ತದೆ, ಮೈ ಸೊರಗುತ್ತದೆ. ಧಾರವಾಡದಲ್ಲಿ ಸಂಸಾರ ಮಾಡಿ ಅತ್ತೆ, ಮಾವ, ನನ್ನ ಅವ್ವ, ಮೂವರ ಮುಪ್ಪನ್ನೂ ಹತ್ತಿರದಿಂದ ಕಂಡವಳು ನಾನು. ಮುಪ್ಪಿನಲ್ಲಿ ಮೊದಲು ಸೋಲುವುದು ತೊಡೆ. ಮೊದಲು ನೆಲದಿಂದ ಏಳಲಾಗದು, ಆಮೇಲೆ ಕುರ್ಚಿಯಿಂದ, ಕೊನೆಗೆ ಹಾಸಿಗೆಯಿಂದ. ಅದಕ್ಕೇ ಕಾಳು-ಬ್ಯಾಳಿಯ ಮಾತನ್ನೇ ಮೊದಲು ಹೇಳುತ್ತೇನೆ.

ವಯಸ್ಸಾದಂತೆ ಉಂಡ ಪ್ರೋಟೀನನ್ನು ಸ್ನಾಯುವಾಗಿ ಕಟ್ಟಿಕೊಳ್ಳುವ ಶಕ್ತಿ ದೇಹಕ್ಕೆ ಕಡಿಮೆಯಾಗುತ್ತದೆ. ಆದ್ದರಿಂದ ಹಿರಿಯರಿಗೆ ಪ್ರೋಟೀನು ಕಡಿಮೆ ಅಲ್ಲ, ಹೆಚ್ಚೇ ಬೇಕು. ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಎಂಬುದು ತಜ್ಞರ ಲೆಕ್ಕ. 55 ಕಿಲೋ ತೂಗುವ ಅಜ್ಜಿಗೆ 55ರಿಂದ 66 ಗ್ರಾಂ ಆಯಿತು. 100 ಗ್ರಾಂ ಒಣ ಹೆಸರುಕಾಳಿನಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ ಸುಮಾರು 25, ಜೋಳದಲ್ಲಿ 10, ಒಂದು ತತ್ತಿಯಲ್ಲಿ 6 ಗ್ರಾಂ ಇರುತ್ತದೆ. ತಿಳಿಸಾರಿನಲ್ಲಿ ಎಷ್ಟು ಬಂದೀತು, ನೀವೇ ಹೇಳಿ. ಮಧ್ಯಾಹ್ನ ಒಂದೇ ಹೊತ್ತು ಬಡಿಸಿ ಮುಗಿಸದೆ ಮೂರು ಹೊತ್ತಿಗೂ ಹಂಚಿರಿ: ಮುಂಜಾನೆ ಉಪ್ಪಿಟ್ಟಿಗೆ ಒಂದು ಹಿಡಿ ಕಾಳು, ಮಧ್ಯಾಹ್ನ ದಪ್ಪ ಬ್ಯಾಳಿ, ರಾತ್ರಿ ಗಟ್ಟಿ ಮೊಸರು. ಕಿಡ್ನಿ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳದೆ ಪ್ರೋಟೀನು ಏರಿಸಬಾರದು.

ಹಲ್ಲಿಲ್ಲದವರಿಗೆ ರೊಟ್ಟಿ ಹೇಗೆ ಎನ್ನುವಿರಿ. ನಮ್ಮ ಹಿರಿಯರು ಅದಕ್ಕೆ ದಾರಿ ಮಾಡಿಟ್ಟೇ ಹೋಗಿದ್ದಾರೆ. ಬಿಸಿ ರೊಟ್ಟಿಗೆ ಬಳ್ಳೊಳ್ಳಿ, ಜೀರಿಗೆ, ಚೂರು ತುಪ್ಪ ಹಾಕಿ ಕುಟ್ಟಿದರೆ ಮುಟಗಿ ಆಗುತ್ತದೆ, ಒಸಡಿನಲ್ಲೇ ತಿನ್ನಬಹುದು. ಖಡಕ್ ರೊಟ್ಟಿಯನ್ನು ಮುರಿದು ಬಿಸಿ ಬ್ಯಾಳಿಯಲ್ಲಿ ನೆನೆಹಾಕಿ ಕೊಡಬಹುದು. ಜೋಳದ ನುಚ್ಚು ಬೇಯಿಸಿ ಮಜ್ಜಿಗೆ ಕಲಸಿದರೆ ಜ್ವರ ಬಂದವರೂ ಉಣ್ಣುತ್ತಾರೆ. ಮಡಿಕಿಕಾಳು, ಹೆಸರುಕಾಳು ಮೊಳಕೆ ಬರಿಸಿ ಮೆತ್ತಗೆ ಬೇಯಿಸಿರಿ. ಹಸಿ ಮೊಳಕೆ ಹಿರಿಯರ ಹೊಟ್ಟೆಗೆ ಬೇಡ. ಗ್ಯಾಸ್ ಆಗುತ್ತದೆ ಎಂದು ದೂರುವವರಿಗೆ ಕಾಳನ್ನು ರಾತ್ರಿಯೆಲ್ಲಾ ನೆನೆಸಿ, ನೆನೆದ ನೀರು ಚೆಲ್ಲಿ, ಇಂಗು ಹಾಕಿ ಬೇಯಿಸಿದರೆ ಬಹಳ ಮಟ್ಟಿಗೆ ತಾಳುತ್ತದೆ.

ಅಗಸಿ ಚಟ್ನಿ ತಪ್ಪಿಸಬೇಡಿರಿ. ಮೀನು ತಿನ್ನದ ಮನೆಗಳಿಗೆ ಒಮೇಗಾ-3 ಕೊಬ್ಬು ಸಿಗುವ ದಾರಿಗಳಲ್ಲಿ ಅಗಸಿ ದೊಡ್ಡದು. ಅಗಸಿಯನ್ನು ಇಡಿಯಾಗಿ ತಿಂದರೆ ಬಂದ ಹಾಗೇ ಹೊರಗೆ ಹೋಗುತ್ತದೆ, ಪುಡಿಯೇ ಆಗಬೇಕು. ಪುಡಿ ಬೇಗ ಜಿಡ್ಡು ವಾಸನೆ ಹಿಡಿಯುತ್ತದೆ, ಆದ್ದರಿಂದ ಒಂದೆರಡು ವಾರಕ್ಕಾಗುವಷ್ಟೇ ಕುಟ್ಟಿ ಗಾಳಿಯಾಡದ ಡಬ್ಬಿಯಲ್ಲಿಡಿ. ಜೊತೆಗೆ ಮೆಂತ್ಯ, ರಾಜಗಿರಿ, ಪುಂಡಿ, ಯಾವುದಾದರೂ ಒಂದು ತಪ್ಪಲು ಪಲ್ಯ ದಿನಾ ಇರಲಿ, ಮೇಲೊಂದಿಷ್ಟು ಲಿಂಬಿ ಹಿಂಡಿರಿ. ಲಿಂಬಿ ಹುಳಿ ಸೊಪ್ಪಿನ ಕಬ್ಬಿಣವನ್ನು ಮೈಗೆ ಹಿಡಿಸುತ್ತದೆ, ಚಹಾ ತಡೆಯುತ್ತದೆ. ಉಂಡ ಕೂಡಲೇ ಚಹಾ ಕುಡಿಯುವ ರೂಢಿ ಇದ್ದರೆ ಒಂದು ತಾಸು ಮುಂದೂಡಿರಿ.

ಉಪ್ಪಿನ ಬಗ್ಗೆ ನಾನು ಬಹಳ ಕಟ್ಟುನಿಟ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಎಲ್ಲ ಅಡುಗೆ ಸೇರಿ ಒಂದು ಚಹಾ ಚಮಚಕ್ಕಿಂತ ಕಡಿಮೆ. ನಮ್ಮ ತಾಟಿನಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ ಎಲ್ಲವೂ ಒಟ್ಟಿಗೆ ಕೂತಿರುತ್ತವೆ. ಚಟ್ನಿ ಇದ್ದ ದಿನ ಉಪ್ಪಿನಕಾಯಿ ಬೇಡ, ಇಷ್ಟು ನಿಯಮ ಸಾಕು. ಸಂಜೆಯ ಮಿರ್ಚಿ-ಗಿರ್ಮಿಟ್ಟನ್ನು ಪೂರ್ತಿ ಬಿಡಿ ಎನ್ನಲಾರೆ, ದಿನಾ ಮಾತ್ರ ಬೇಡ.

ಎಲೆ-ಅಡಿಕೆ, ತಂಬಾಕು ಬಿಟ್ಟುಬಿಡಿ. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ.

ಇನ್ನು ಕಾಲಿನ ಮಾತು. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ನೃಪತುಂಗ ಬೆಟ್ಟ, ಧಾರವಾಡದವರಿಗೆ ಕೆಲಗೇರಿ, ಸಾಧನಕೇರಿ, ಗದಗಿನವರಿಗೆ ಭೀಷ್ಮ ಕೆರೆ ಇವೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಒಳ್ಳೆಯದು. ಆದರೆ ವಾಕಿಂಗ್ ಒಂದೇ ತೊಡೆಗೆ ಬಲ ತರುವುದಿಲ್ಲ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಕೈ ಊರದೆ ಕೂತು ಏಳಿರಿ, ಐದರಿಂದ ಸುರುಮಾಡಿ ನಿಧಾನ ಏರಿಸಿರಿ. ಅಡುಗೆಮನೆಯ ಕಟ್ಟೆ ಹಿಡಿದು ಒಂದೇ ಕಾಲಿನ ಮೇಲೆ ಒಂದಿಷ್ಟು ಹೊತ್ತು ನಿಲ್ಲುವುದೂ ಅಭ್ಯಾಸವಾಗಲಿ. ಬೀಳದಂತೆ ಕಾಯುವುದು ಈ ಸಮತೋಲನವೇ. ವಾರಕ್ಕೆ ಮೂರು ದಿನವಾದರೂ ಇವನ್ನು ಮಾಡಿರಿ.

ಪಾದ ಜೋಮು ಹಿಡಿಯುವುದು, ಮರೆವು, ಸುಸ್ತು ಬಂದರೆ ‘ವಯಸ್ಸಾತು ಬಿಡ್ರಿ’ ಎಂದು ಸುಮ್ಮನಾಗಬೇಡಿ. ಶಾಕಾಹಾರಿಗಳಲ್ಲಿ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆ ವರ್ಷಗಟ್ಟಲೆ ನುಂಗುವವರಲ್ಲಿ ವಿಟಮಿನ್ ಬಿ12 ಕಡಿಮೆಯಾಗುವುದು ಸಾಮಾನ್ಯ. ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ತಡಮಾಡದಿದ್ದರೆ ವಾಸಿಯಾಗುತ್ತದೆ.

ಹಿರಿಯರನ್ನು ಒಬ್ಬರನ್ನೇ ಉಣ್ಣಲು ಕೂಡಿಸಬೇಡಿರಿ, ಒಂಟಿ ಊಟದಲ್ಲಿ ತುತ್ತು ತಾನಾಗಿಯೇ ಕಡಿಮೆಯಾಗುತ್ತದೆ. ಅವರ ಕೈಯಿಂದ ಕೆಲಸವನ್ನೂ ಕಸಿಯಬೇಡಿರಿ. ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ 2006ರಲ್ಲಿ, 93ರ ವಯಸ್ಸಿನಲ್ಲಿ ಕಛೇರಿಗೆ ಕೂತು ಹಾಡಿದವರು. ಎಲ್ಲರೂ ಹಾಡಬೇಕಿಲ್ಲ, ಕಾಳು ಆರಿಸಲಿ, ತಪ್ಪಲು ಸೋಸಲಿ, ಮೊಮ್ಮಕ್ಕಳಿಗೆ ಮಗ್ಗಿ ಹೇಳಿಸಲಿ.

ಮುಪ್ಪಿನಲ್ಲಿ ನೀರಡಿಕೆ ಗೊತ್ತಾಗುವುದೇ ಕಡಿಮೆ. ಕಣ್ಣಿಗೆ ಕಾಣುವ ಕಡೆ ನೀರಿನ ತಂಬಿಗಿ ಇಟ್ಟು, ಸಂಜೆಯೊಳಗೆ ಹೆಚ್ಚಿನ ಪಾಲು ಕುಡಿಸಿಬಿಡಿ, ರಾತ್ರಿ ಪದೇ ಪದೇ ಏಳುವುದು ತಪ್ಪುತ್ತದೆ. ಎದ್ದರೂ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ನಿಲ್ಲಲಿ, ಥಟ್ಟನೆ ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಬಚ್ಚಲಿನವರೆಗೆ ಸಣ್ಣ ದೀಪ ಉರಿಯುತ್ತಿರಲಿ, ಗೋಡೆಗೆ ಒಂದು ಕಬ್ಬಿಣದ ಹಿಡಿಕೆ ಹಾಕಿಸಿರಿ.