ನೌಕರಿ, ಸಂಸಾರದ ನಡುವೆ ಕಥೆಗೊಂದು ಹೊತ್ತು: ಬರವಣಿಗೆಯನ್ನು ರೂಢಿಸಿಕೊಳ್ಳುವ ಬಗೆ

ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಯ ಪ್ರಕಟಣೆ ಬಂದಾಗಲೆಲ್ಲ ನಾಡಿನ ಎಷ್ಟೋ ಮನೆಗಳಲ್ಲಿ ಅರ್ಧಕ್ಕೆ ನಿಂತ ಕಥೆಗಳು ಕಪಾಟಿನಿಂದ ಹೊರಬರುತ್ತವೆ. ಕೊನೆಯ ದಿನಾಂಕ ಹತ್ತಿರವಾದಂತೆ ನಿದ್ದೆಗೆಟ್ಟು ಬರೆದು, ತಿದ್ದಲು ಹೊತ್ತು ಸಾಲದೆ ಹಾಗೆಯೇ ಕಳುಹಿಸಿ, ಫಲಿತಾಂಶದಲ್ಲಿ ಹೆಸರು ಕಾಣದಿದ್ದಾಗ ಮುಂದಿನ ವರ್ಷದವರೆಗೆ ಪೆನ್ನು ಮುಟ್ಟದೆ ಇರುವವರು ಬಹಳ ಮಂದಿ. ಇವರಲ್ಲಿ ಹೆಚ್ಚಿನವರಿಗೆ ಪ್ರತಿಭೆಯ ಕೊರತೆಯಿಲ್ಲ. ತಮ್ಮ ಕೈಗೆ ನಿಲುಕದ ಕಡೆ ಗುರಿಯನ್ನು ಇಟ್ಟುಕೊಂಡಿರುವುದೇ ತೊಡಕು. ದುಡಿಮೆಯ ನಡುವೆ ಬರೆಯಬೇಕೆಂದಿರುವವರು ಆರೋಗ್ಯ ಕೆಡಿಸಿಕೊಳ್ಳದೆ ವರ್ಷಪೂರ್ತಿ ಹೇಗೆ ಬರೆಯುತ್ತ ಹೋಗಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಗುರಿಯನ್ನು ಬರೆದಿಡಿ

‘ಈ ವರ್ಷ ಬಹುಮಾನ ಬರಬೇಕು’, ‘ಸಂಕಲನ ಹೊರಬರಬೇಕು’ ಎಂಬ ಆಸೆಗಳು ಸಹಜವಾದರೂ ಅವುಗಳ ತೀರ್ಮಾನ ತೀರ್ಪುಗಾರರ, ಸಂಪಾದಕರ, ಪ್ರಕಾಶಕರ ಕೈಯಲ್ಲಿದೆ. ‘ಜೂನ್ ಮುಗಿಯುವುದರೊಳಗೆ ಮೂರು ಕಥೆಗಳ ಕರಡು ಮುಗಿಸುತ್ತೇನೆ, ಜುಲೈಯಲ್ಲಿ ಅವುಗಳಲ್ಲಿ ಒಂದನ್ನು ತಿದ್ದುತ್ತೇನೆ’ ಎಂದು ಬರೆದುಕೊಂಡರೆ ಅದನ್ನು ನೆರವೇರಿಸುವುದು ಸಂಪೂರ್ಣವಾಗಿ ನಿಮ್ಮದೇ ಹೊಣೆ. ಹಾಗೆ ಸಿದ್ಧವಾದ ಬರಹ ಮುಂದೆ ಹಲವು ಬಾಗಿಲುಗಳನ್ನು ತಟ್ಟಬಹುದು. ಉದಾಹರಣೆಗೆ, ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿದೆ. ಇಂಥ ಯೋಜನೆಗಳಿಗೆ ಅರ್ಜಿ ಕರೆದ ಮೇಲೆ ಹಸ್ತಪ್ರತಿ ಸಿದ್ಧಪಡಿಸಲು ಕುಳಿತರೆ ಕಾಲ ಮೀರಿರುತ್ತದೆ.

ಗುರಿಯ ಅಳತೆಯನ್ನು ಬೇರೆಯವರಿಂದ ಎರವಲು ತರಬೇಡಿ. 1999ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶದಲ್ಲಿ 21 ಜನ ಸೇರಿ ಆರಂಭಿಸಿದ ‘ನ್ಯಾನೊರೈಮೊ’ ಎಂಬ ಬರವಣಿಗೆಯ ಸವಾಲಿನಲ್ಲಿ ಒಂದು ತಿಂಗಳಿಗೆ 50,000 ಪದಗಳ ಕಾದಂಬರಿ ಬರೆಯಬೇಕಿತ್ತು. 30 ದಿನಗಳಿಗೆ ಹಂಚಿದರೆ ದಿನಕ್ಕೆ 1,667 ಪದ. ಆ ಲೆಕ್ಕ ಇಂಗ್ಲಿಷಿನದು. ವಿಭಕ್ತಿ, ಕಾಲ, ನಿಷೇಧ ಎಲ್ಲವೂ ಪದದೊಳಗೇ ಸೇರಿಕೊಳ್ಳುವ ಕನ್ನಡದಲ್ಲಿ ಅಷ್ಟು ಪದ ಬರೆಯುವುದು ಇನ್ನೂ ಹೆಚ್ಚಿನ ಕೆಲಸ. ಆದ್ದರಿಂದ ಪದಗಳನ್ನು ಎಣಿಸುವುದಕ್ಕಿಂತ ದಿನಕ್ಕೆ ಒಂದು ಪುಟ ಅಥವಾ ನಲವತ್ತು ನಿಮಿಷ ಎಂದು ನಿಗದಿ ಮಾಡಿಕೊಳ್ಳುವುದು ಮೇಲು. ಇಷ್ಟರಲ್ಲಿ ಏನಾದೀತು ಎಂದು ಅನುಮಾನಪಡುವವರಿಗಾಗಿ ಒಂದು ನಿದರ್ಶನ: ಕುವೆಂಪು ಅವರು ತಮ್ಮ ರಾಮಾಯಣ ಮಹಾಕಾವ್ಯವನ್ನು 1936ರಲ್ಲಿ ಆರಂಭಿಸಿ 1946ರಲ್ಲಿ ಮುಗಿಸಿದರು, ಅದೂ ಅಧ್ಯಾಪಕ ವೃತ್ತಿಯಲ್ಲಿ ಇದ್ದುಕೊಂಡೇ.

ಹೊತ್ತನ್ನು ಗೊತ್ತು ಮಾಡಿಕೊಳ್ಳಿ

‘ಬಿಡುವು ಸಿಕ್ಕಾಗ ಬರೆಯುತ್ತೇನೆ’ ಎಂದರೆ ಬಿಡುವು ಸಿಗುವುದೇ ಇಲ್ಲ. ದಿನವೂ ತಪ್ಪದೆ ನಡೆಯುವ ಯಾವುದಾದರೂ ಒಂದು ಕೆಲಸದ ಬೆನ್ನಿಗೆ ಬರವಣಿಗೆಯನ್ನು ಕಟ್ಟಿಬಿಡಿ: ಬೆಳಗಿನ ಕಾಫಿ ಕುಡಿದು ಲೋಟ ತೊಳೆದಿಟ್ಟ ಕೂಡಲೇ, ಅಥವಾ ರಾತ್ರಿ ಊಟದ ನಂತರ ಅಡುಗೆಮನೆಯ ಕಟ್ಟೆ ಒರೆಸಿದ ಕೂಡಲೇ ಬರೆಯಲು ಕುಳಿತುಕೊಳ್ಳುವುದು ಎಂದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಹೀಗೆ ಗೊತ್ತಾದ ಸಂದರ್ಭಕ್ಕೆ ಜೋಡಿಸಿದ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಆದರೆ ಒಬ್ಬರಿಂದೊಬ್ಬರಿಗೆ ಅದು 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತಿತ್ತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ ಎಂಬುದೂ ಅದೇ ಅಧ್ಯಯನದಿಂದ ತಿಳಿದುಬಂದಿತು. ಮನೆಗೆ ನೆಂಟರು ಬಂದ ದಿನ, ಮಗುವಿಗೆ ಜ್ವರ ಬಂದ ದಿನ ಬರೆಯಲಾಗದಿದ್ದರೆ ಎಲ್ಲ ಕೈತಪ್ಪಿತೆಂದು ಕೊರಗದೆ ಮರುದಿನ ಮತ್ತೆ ಕುಳಿತರಾಯಿತು.

ಈ ಹೊತ್ತನ್ನು ಮನೆಯವರೊಂದಿಗೆ ಮೊದಲೇ ಮಾತಾಡಿ ಪಡೆದುಕೊಳ್ಳಬೇಕು. ವಿಶೇಷವಾಗಿ, ಮನೆಗೆಲಸದ ಹೊರೆ ಹೊತ್ತಿರುವ ಹೆಣ್ಣುಮಕ್ಕಳು ಎಲ್ಲರೂ ಮಲಗಿದ ಮೇಲೆ ಉಳಿಯುವ ಚೂರುಪಾರು ಸಮಯದಲ್ಲೇ ಬರೆಯಬೇಕಾದ ಸ್ಥಿತಿ ನ್ಯಾಯವಾದುದಲ್ಲ. ಆ ನಲವತ್ತು ನಿಮಿಷ ಮಕ್ಕಳನ್ನು ನೋಡಿಕೊಳ್ಳುವವರು ಯಾರು, ಬಾಗಿಲು ತೆರೆಯುವವರು ಯಾರು ಎಂಬುದು ಸ್ಪಷ್ಟವಾಗಿರಲಿ. ಮೊಬೈಲ್ ಬೇರೆ ಕೋಣೆಯಲ್ಲಿರಲಿ.

ದಿನದ ಲೆಕ್ಕದ ಪುಸ್ತಕ

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಹಂತ ಇದು. ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ನೌಕರಿಯಲ್ಲಿದ್ದ ಕಾದಂಬರಿಕಾರ ಆಂಟನಿ ಟ್ರಾಲಪ್ ಬೆಳಗಿನ 5.30ಕ್ಕೆ ಮೇಜಿನ ಮುಂದೆ ಕುಳಿತು, ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದುದನ್ನು ಓದಿ, ಆಮೇಲೆ ಗಡಿಯಾರ ನೋಡಿಕೊಂಡು ಬರೆಯುತ್ತಿದ್ದರು. ಪ್ರತಿದಿನ ಎಷ್ಟು ಪುಟವಾಯಿತೆಂದು ಒಂದು ದಿನಚರಿಯಲ್ಲಿ ಗುರುತು ಹಾಕುತ್ತಿದ್ದರು. ಅವರು ಬರೆದ ಕಾದಂಬರಿಗಳು 47. ಅವರ ವೇಗ ನಮಗೆ ಬೇಕಿಲ್ಲ, ಆದರೆ ಲೆಕ್ಕವಿಡುವ ಕ್ರಮ ಬೇಕು. ಒಂದು ಸಾಮಾನ್ಯ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಸಾಲು ಸಾಕು:

‘ಮಂಗಳವಾರ. 5.40ರಿಂದ 6.20. ಮುಕ್ಕಾಲು ಪುಟ. ಅಜ್ಜಿ ತೋಟದ ಪಾಲಿನ ಮಾತು ಎತ್ತುವವರೆಗೆ. ನಾಳೆ: ಚಿಕ್ಕಪ್ಪ ಉತ್ತರ ಕೊಡದೆ ಅಡಿಕೆ ಸುಲಿಯುತ್ತಲೇ ಇರುವುದು.’

ಇದರಲ್ಲಿ ‘ನಾಳೆ’ ಎಂಬ ಕೊನೆಯ ಭಾಗ ಬಹು ಮುಖ್ಯ. ಮುಂದಿನ ದೃಶ್ಯ ಏನೆಂದು ತಿಳಿದಿರುವಾಗಲೇ ನಿಲ್ಲಿಸಿದವರಿಗೆ ಮರುದಿನ ಬೆಳಿಗ್ಗೆ ಖಾಲಿ ಹಾಳೆಯ ಅಳುಕು ಇರುವುದಿಲ್ಲ. ಚಿಕ್ಕಪ್ಪನ ಕೈಯಲ್ಲಿರುವ ಅಡಿಕೆಯಿಂದಲೇ ಬರವಣಿಗೆ ಮುಂದುವರಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಈ ಸಾಲುಗಳನ್ನು ಓದಿದರೆ ಯಾವ ಹೊತ್ತಿನಲ್ಲಿ ಬರವಣಿಗೆ ಸಲೀಸಾಗಿ ಸಾಗಿದೆ, ಯಾವ ದಿನ ದಣಿವು ಅಡ್ಡಬಂದಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಆಗ ಹೊತ್ತನ್ನು ಬದಲಿಸಿಕೊಳ್ಳಬಹುದು. ಕರಡು ಮುಗಿಯುವವರೆಗೆ ತಿದ್ದಲು ಹೋಗಬೇಡಿ. ಸರಿಯೆನಿಸದ ಸಾಲಿನ ಪಕ್ಕದಲ್ಲಿ ಗುರುತು ಹಾಕಿ ಮುಂದೆ ಹೋಗಿ. ತಿದ್ದುವ ಕೆಲಸಕ್ಕೆ ಬೇರೆಯೇ ದಿನಗಳಿವೆ.

ದೇಹ, ಮನಸ್ಸು

ಲ್ಯಾಪ್‌ಟಾಪಿನಲ್ಲೋ ಮೊಬೈಲಿನಲ್ಲೋ ಬರೆಯುವವರು ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವೊಂದನ್ನು 20 ಸೆಕೆಂಡು ನೋಡಬೇಕೆಂಬುದು ನೇತ್ರವೈದ್ಯರು ಹೇಳುವ ಸರಳ ಕ್ರಮ. ಕತ್ತು, ಬೆನ್ನು ನೋಯುವವರು ಮೊದಲ ಕರಡನ್ನು ಧ್ವನಿ ಟೈಪಿಂಗ್ ಮೂಲಕ ಹೇಳಿ ಬರೆಸಬಹುದು. ನಿದ್ದೆಯನ್ನು ಮಾತ್ರ ಬರವಣಿಗೆಗಾಗಿ ಕಡಿತ ಮಾಡಬೇಡಿ. ವಯಸ್ಕರಿಗೆ ಕನಿಷ್ಠ ಏಳು ಗಂಟೆಯ ನಿದ್ದೆ ಬೇಕು. ಬೆಳಿಗ್ಗೆ ಬೇಗ ಏಳಬೇಕೆಂದರೆ ರಾತ್ರಿ ಬೇಗ ಮಲಗಲೇಬೇಕು.

ಸ್ವಂತ ನೋವನ್ನು ಬರೆಯುವಾಗ ಹೆಚ್ಚಿನ ಎಚ್ಚರ ಅಗತ್ಯ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮನ್ನು ಕಾಡಿದ ಘಟನೆಯ ಬಗ್ಗೆ ಬರೆದರು. ಘಟನೆಯನ್ನೂ ಆಗಿನ ಭಾವನೆಗಳನ್ನೂ ಒಟ್ಟಿಗೆ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆಯಾಯಿತು. ಆದರೆ ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಕಲಕಿತ್ತು. ಆದ್ದರಿಂದ ಇಂಥ ಬರಹಕ್ಕೆ ಮಲಗುವ ಮುಂಚಿನ ಸಮಯ ತಕ್ಕುದಲ್ಲ. ಅದನ್ನು ಕಥೆಯ ಕರಡಿನಿಂದ ಬೇರೆಯಾಗಿ, ಯಾರಿಗೂ ತೋರಿಸಬೇಕಿಲ್ಲದ ಪುಸ್ತಕದಲ್ಲಿ ಬರೆಯಿರಿ. ಬರೆದರೂ ಭಾರ ಇಳಿಯದೆ, ನಿದ್ದೆ, ಊಟ, ಕೆಲಸ ಏರುಪೇರಾಗಿ ವಾರಗಳು ಕಳೆದರೆ ಬರವಣಿಗೆಯೇ ಮದ್ದೆಂದು ಕಾಯುತ್ತ ಕೂರಬೇಡಿ. ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕಳುಹಿಸಿದ ಮೇಲೆ

ಕಥೆಯನ್ನು ಕಳುಹಿಸಿದ ದಿನಾಂಕ, ಪತ್ರಿಕೆಯ ಹೆಸರುಗಳನ್ನು ಅದೇ ಲೆಕ್ಕದ ಪುಸ್ತಕದ ಹಿಂಬದಿಯ ಪುಟದಲ್ಲಿ ಬರೆದು, ಮರುದಿನವೇ ಬೇರೊಂದು ಕಥೆಗೆ ಕೈಹಾಕಿ. ಒಂದೇ ಕಥೆಯನ್ನು ಏಕಕಾಲಕ್ಕೆ ಎರಡು ಕಡೆ ಕಳುಹಿಸುವುದು ಸರಿಯಲ್ಲ. ಆಯ್ಕೆಯಾಗಲಿಲ್ಲವೆಂದು ತಿಳಿದರೆ ಒಂದು ತಿಂಗಳು ಅದನ್ನು ಬದಿಗಿಟ್ಟು, ಆಮೇಲೆ ನಂಬಿಕೆಯ ಓದುಗರೊಬ್ಬರ ಎದುರು ಗಟ್ಟಿಯಾಗಿ ಓದಿ, ಅವರ ಗಮನ ಎಲ್ಲಿ ಚದುರಿತೆಂದು ಕೇಳಿ ತಿಳಿದುಕೊಂಡು, ಆ ಭಾಗವನ್ನು ತಿದ್ದಿ ಇನ್ನೊಂದು ಪತ್ರಿಕೆಗೆ ಕಳುಹಿಸಿ.