ಶಟರ್ ಇಳಿಸಿದ ಮೇಲಿನ ತಾಸಿಗೂ ದುಡ್ಡು ಬಂತು

ಅಂಗಡಿಯವರು ಕೊಡಬೇಕಿದ್ದ ಓವರ್‌ಟೈಮ್ ಬಾಕಿಯ ಎರಡನೇ ಕಂತೂ ಖಾತೆಗೆ ಜಮಾ ಆಗಿದೆ. ಅದು ಆಗಲಿ ಅಂತಲೇ ಇಷ್ಟು ದಿನ ಬರೆಯದೆ ಕೂತಿದ್ದೆ. ಕಲಬುರಗಿ ಸೂಪರ್ ಮಾರ್ಕೆಟ್ಟಿನ ಅರ್ಧ ಬಟ್ಟೆ ಅಂಗಡಿಯವರು ನನ್ನನ್ನು ನೋಡಿ ನಕ್ಕಿದ್ದರು. "ಸಾವ್ಕಾರ್ರ ಕೂಡ ಜಗಳ ತೆಗದು ಯಾರಿಗರ ರೊಕ್ಕ ಬಂದದೇನಪ್ಪಾ?" ಬಂದಿದೆ ನೋಡಿ.

ಬಟ್ಟೆ ಅಂಗಡಿ ಕೆಲಸ ಗೊತ್ತಿದ್ದವರಿಗೆ ಜಾಸ್ತಿ ಹೇಳಬೇಕಿಲ್ಲ. ಬೋರ್ಡಿನ ಮೇಲೆ ಬೆಳಗ್ಗೆ 10ರಿಂದ ರಾತ್ರಿ 8. ನಾವು ಮಾತ್ರ 9.15ಕ್ಕೇ ಇರಬೇಕು. ಕಸ ಹೊಡೆಯಬೇಕು, ಗೊಂಬೆಗಳಿಗೆ ಸೀರೆ ಉಡಿಸಬೇಕು. ರಾತ್ರಿ ಶಟರ್ ಅರ್ಧ ಇಳಿಸಿದ ಮೇಲೆ ಶುರುವಾಗುವುದು ನಿಜವಾದ ಕೆಲಸ. ಗಿರಾಕಿ ಬಿಚ್ಚಿಸಿ ಬಿಟ್ಟುಹೋದ ಅರವತ್ತು ಎಪ್ಪತ್ತು ಸೀರೆ ಮತ್ತೆ ಮಡಚಿ, ರ‍್ಯಾಕ್ ಪ್ರಕಾರ ಸ್ಟಾಕ್ ಟ್ಯಾಲಿ ಮಾಡಿ ಹೊರಬೀಳುವಷ್ಟರಲ್ಲಿ 9.15. ಇದಕ್ಕೆ ಒಂದು ಪೈಸೆ ಇಲ್ಲ. ಆದರೆ ಬೆಳಗ್ಗೆ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಪಗಾರ ಕಟ್.

ಎಲ್ಲರೂ ಲೆಕ್ಕ ಹಾಕುವುದು ಈ ಎರಡು ತಾಸಿನದ್ದು ಮಾತ್ರ. ನಾನು ವಾರದ ಲೆಕ್ಕ ಹಾಕಿದೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ದಿನಕ್ಕೆ 9 ತಾಸು ಅಂತ ಇದೆ, ಅದರ ಪಕ್ಕದಲ್ಲೇ ವಾರಕ್ಕೆ 48 ಅಂತಲೂ ಇದೆ. ಆರು ಒಂಬತ್ಲೆ 54. ಅಂದ್ರೆ ಬೋರ್ಡಿನ ಟೈಮಿನಲ್ಲೇ, ಊಟದ ಒಂದು ತಾಸು ಬಿಟ್ಟರೂ, ವಾರಕ್ಕೆ 6 ತಾಸು ಹೆಚ್ಚು ದುಡಿಯುತ್ತಿದ್ದೆವು. ಮೇಲಿನ 12 ಸೇರಿಸಿದರೆ 18. ಪಗಾರ 15 ಸಾವಿರದ ಆಸುಪಾಸು, 26 ದಿನ, 8 ತಾಸಿಗೆ ಭಾಗಿಸಿದರೆ ತಾಸಿಗೆ 72 ರೂಪಾಯಿ. ಓವರ್‌ಟೈಮ್ ಅಂದ್ರೆ ಅದರ ಡಬಲ್, 144. ವಾರಕ್ಕೆ 2,600 ರೂಪಾಯಿ ಹತ್ತಿರ! ಕ್ಯಾಲ್ಕುಲೇಟರ್ ತೋರಿಸಿದಾಗ ನಮ್ಮ ಕೌಂಟರಿನ ಹಿರಿಯರೊಬ್ಬರು "ತಪ್ಪು ಒತ್ತೀದಿ ತಮ್ಮಾ, ಮತ್ತ ಮಾಡು" ಅಂದರು.

ಇಲ್ಲಿವರೆಗೆ ಸಲೀಸು. ಸಾಬೀತು ಮಾಡುವುದರಲ್ಲೇ ಸುಸ್ತಾಗಿದ್ದು. ಮೊದಲು ಕಾರ್ಮಿಕ ಇಲಾಖೆಯಿಂದ ಇನ್‌ಸ್ಪೆಕ್ಷನ್ ಮಾಡಿಸಿದೆವು. ಇನ್‌ಸ್ಪೆಕ್ಟರ್ ಬಂದಿದ್ದು ಬೆಳಗ್ಗೆ 11ಕ್ಕೆ. ಆ ಹೊತ್ತಿಗೆ ಎಲ್ಲ ಅಂಗಡಿಯೂ ಕಾನೂನಿನ ಪ್ರಕಾರವೇ ನಡೆಯುತ್ತದೆ, ಅಲ್ವಾ? ಮತ್ತೊಬ್ಬ ಗೆಳೆಯ ದಿನಾ ಡೈರಿ ಬರೆದ. ಅದನ್ನು ನಿನ್ನೆ ರಾತ್ರಿ ಕೂತು ಬರೆದದ್ದು ಅಂದುಬಿಟ್ಟರು. ಫೋನಿನ ಲೊಕೇಶನ್ ಹಿಸ್ಟರಿ ನೋಡಿದೆ. ಅದು ಮಾರ್ಕೆಟ್ ತೋರಿಸುತ್ತದೆ, ಅಂಗಡಿ ತೋರಿಸಲ್ಲ. ಪಕ್ಕದ ಗಾಡಿಯಲ್ಲಿ ಮಿರ್ಚಿ ಭಜಿ ತಿನ್ನುತ್ತಿದ್ದ ಅಂದರೆ ಮುಗೀತು. ಆಡಿಯೋ ರೆಕಾರ್ಡ್ ಮಾಡಿದರೆ ಫ್ಯಾನಿನ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

ಆಮೇಲೆ ದಾರಿ ಬದಲಿಸಿದೆ. ನನ್ನ ತಾಸುಗಳನ್ನು ಒಂದೊಂದಾಗಿ ಸಾಬೀತು ಮಾಡುತ್ತಾ ಕೂತರೆ ಜನ್ಮ ಸಾಲದು. ಅವರ ಮಸ್ಟರ್, ಅಂದ್ರೆ ಹಾಜರಿ ಪುಸ್ತಕ, ಸುಳ್ಳು ಅಂತ ತೋರಿಸಿದರೆ ಸಾಕು. ಮಸ್ಟರಿಗೆ ತಿಂಗಳ ಕೊನೆಗೆ ಒಂದೇ ಸಲ ನಮ್ಮ ಸಹಿ ತೆಗೆದುಕೊಳ್ಳುತ್ತಿದ್ದರು. ಎಲ್ಲರದ್ದೂ, ಎಲ್ಲ ದಿನವೂ, ಒಂದೇ ಪೆನ್ನಿನಲ್ಲಿ: ಬಂದದ್ದು 10, ಹೋದದ್ದು 7. ವಾರಕ್ಕೆ ಸರಿಯಾಗಿ 48. ಬಹಳ ಶ್ಯಾಣ್ಯಾ ಲೆಕ್ಕ.

ಆದರೆ ನಮ್ಮ ಬಿಲ್ಲಿನ ಮೇಲೆ ಟೈಮ್ ಬರುತ್ತದೆ, ಸೇಲ್ಸ್‌ಮನ್ ಕೋಡೂ ಬರುತ್ತದೆ. ನಮ್ಮ ಭಾವನನ್ನು ರಾತ್ರಿ ಏಳೂವರೆ ಮೇಲೆ ಅಂಗಡಿಗೆ ಕಳಿಸತೊಡಗಿದೆ. ಒಂದು ಟವೆಲ್ ತಗೋ, ನನ್ನ ಕೌಂಟರಿನಲ್ಲೇ ತಗೋ, ಬಿಲ್ ಬಿಡಬೇಡ. ಆಮೇಲೆ ಓಣಿಯ ಹುಡುಗರು, ಹೆಂಡತಿಯ ಅಣ್ಣ, ಎಲ್ಲರೂ ಹೋದರು. ಮನೆಯಲ್ಲಿ ಈಗ ಟವೆಲ್ಲಿನ ಗುಡ್ಡೆಯೇ ಇದೆ, ಹೆಂಡತಿ ಇನ್ನೂ ಬೈಯುತ್ತಾಳೆ. ಏಳಕ್ಕೇ ಮನೆಗೆ ಹೋದ ಮನುಷ್ಯ 7.48ಕ್ಕೆ ಟವೆಲ್ ಮಾರಿದ್ದು ಹೇಗೆ? ಈ ಐಡಿಯಾ ಪೂರ್ತಿ ನನ್ನದೇ, ವಕೀಲರೂ ಹೇಳಿಕೊಟ್ಟಿದ್ದಲ್ಲ.

ಬಿಲ್ ಸಿಕ್ಕ ದಿನವೇ ಝೆರಾಕ್ಸ್ ಮಾಡಿಸಿ. ಅದು ಥರ್ಮಲ್ ಕಾಗದ. ನಮ್ಮೂರ ಏಪ್ರಿಲ್ ಬಿಸಿಲಿಗೆ ಬೈಕಿನ ಡಿಕ್ಕಿಯಲ್ಲಿಟ್ಟಿದ್ದ ಭಾವನ ನಾಲ್ಕು ಬಿಲ್ಲುಗಳ ಅಕ್ಷರವೇ ಹಾರಿಹೋಗಿದ್ದವು.

ಶಟರ್ ಇಳಿದ ಮೇಲಿನ ಹೊತ್ತಿಗೆ ಎರಡು ಆಧಾರ ಸಿಕ್ಕವು. ಒಂದು, ಟ್ಯಾಲಿ ಮುಗಿಸಿ ಕೆಳಗಿನ ಗಾಡಿಯಲ್ಲಿ ಚಹಾ ಕುಡಿದು ಫೋನ್‌ಪೇ ಮಾಡಿದ್ದು. 10 ರೂಪಾಯಿ, 9.20. 10 ರೂಪಾಯಿ, 9.25. ಆರು ತಿಂಗಳಿನದ್ದು ಸಾಲಾಗಿ ಪ್ರಿಂಟ್ ತೆಗೆಸಿದೆ. ಬರೀ ಚಹಾದ ದುಡ್ಡು ಕೊಟ್ಟದ್ದರಿಂದ ಅಂಗಡಿಯಲ್ಲಿದ್ದೆ ಅಂತ ಸಾಬೀತಾಗಲ್ಲ, ನಿಜ. ಆದರೆ ಮಸ್ಟರ್ ಒಮ್ಮೆ ಸುಳ್ಳಾದ ಮೇಲೆ ಅದಕ್ಕೂ ಬೆಲೆ ಬರುತ್ತದೆ. ಎರಡನೆಯದು, "ಟ್ಯಾಲಿ ಮುಗಿಸದೆ ಯಾರೂ ಹೋಗಬಾರದು" ಅನ್ನುವ ಮಾತನ್ನು ಮ್ಯಾನೇಜರ್ ತಾವೇ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬರೆದರು. ಅವರ ಕೈಯಿಂದ ಅದನ್ನು ಹೇಗೆ ಬರೆಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಇದೇ ಮಾರ್ಕೆಟ್ಟಿನಲ್ಲಿ ಇನ್ನೂ ಕೆಲವರಿಗೆ ಅದು ಬೇಕಾಗಿದೆ.

ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದ್ದು 2024ರ ಏಪ್ರಿಲ್‌ನಲ್ಲಿ, ಬೇಕಂತಲೇ. ಏಪ್ರಿಲ್-ಮೇ ಎರಡು ತಿಂಗಳು ನಮ್ಮ ಭಾಗದ ಸರ್ಕಾರಿ ಆಫೀಸು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಎಂಟಕ್ಕೆ ಹೋಗಿ ಕಾಗದ ಕೊಟ್ಟು ಡ್ಯೂಟಿಗೂ ಮುಟ್ಟಬಹುದು. ಬೇರೆ ತಿಂಗಳಾದರೆ ಹೋದಾಗಲೆಲ್ಲ ರಜೆ ಹಾಕಬೇಕು, ಪಗಾರ ಕಟ್. 1948ರ ಕನಿಷ್ಠ ವೇತನ ಕಾಯ್ದೆಯ 20ನೇ ಕಲಂ ಕೆಳಗೆ ಎಲ್ಲರೂ ಸೇರಿ ಒಂದೇ ಅರ್ಜಿ ಕೊಟ್ಟೆವು. ಶುರುವಿಗೆ ಹತ್ತು ಹನ್ನೊಂದು ಜನ ಇದ್ದೆವು, ನೋಟಿಸ್ ಹೋದ ವಾರದಲ್ಲೇ ಅರ್ಧ ಜನ ಹಿಂದೆ ಸರಿದರು. ಅವರನ್ನು ಬೈಯಲ್ಲ, ಮನೆ ಬಾಡಿಗೆ ಕಟ್ಟಬೇಕಲ್ಲ. ನನ್ನನ್ನು ಗೋದಾಮಿಗೆ ಹಾಕಿದರು. ಸೀರೆ ಸೆಕ್ಷನ್ನಿನ ಇನ್ಸೆಂಟಿವ್ ಹೋಯಿತು, ತಿಂಗಳಿಗೆ ಒಂದೂವರೆ ಸಾವಿರ ಹೊಡೆತ.

ವಕೀಲರೊಬ್ಬರು 15 ಸಾವಿರ ಮುಂಗಡ ಕೇಳಿದ್ದರು. ಬೇಡ ಅಂದೆ, ನಾವೇ ಮಾತಾಡಿದೆವು. ಝೆರಾಕ್ಸ್, ಪೆಟ್ರೋಲ್, ಟವೆಲ್ ಎಲ್ಲ ಸೇರಿ ಮೂರು ಸಾವಿರ ಚಿಲ್ಲರೆ ಖರ್ಚು. ಆ ಕಡೆಯ ವಕೀಲರು ಮೊದಲು ಮಸ್ಟರ್ ತೋರಿಸಿದರು. ನಾವು ಬಿಲ್ ಇಟ್ಟೆವು. ಆಗ ವರಸೆ ಬದಲಾಯಿತು: ದಿನಕ್ಕೆ 10 ತಾಸು ಮೀರಿ ದುಡಿಸಲು ಕಾಯ್ದೆಯಲ್ಲೇ ಅವಕಾಶ ಇಲ್ಲ, ಹಾಗಾಗಿ ಆ ತಾಸಿಗೆ ದುಡ್ಡೂ ಇಲ್ಲವಂತೆ. ಮೀರಿ ದುಡಿಸಿದ ತಪ್ಪು ಮಾಲಕರದ್ದು, ದುಡಿದವನ ಕೂಲಿ ಯಾಕೆ ಹೋಗಬೇಕು? ಇಷ್ಟಾದ ಮೇಲೆ ಸಾವ್ಕಾರ್ರು ತಾವೇ ರಾಜಿಗೆ ಕರೆದರು. ರಜೆ ದಿನ ಕಳೆದು ನನ್ನ ಕ್ಲೇಮು 60 ಸಾವಿರ ಚಿಲ್ಲರೆ ಇತ್ತು. 42 ಸಾವಿರಕ್ಕೆ ಮುಗಿಯಿತು, ಎರಡು ಕಂತು. ಪೂರ್ತಿಗೆ ಹಟ ಹಿಡಿ ಅಂದವರಿದ್ದರು. ಕೋರ್ಟು ಅಂತ ವರ್ಷಗಟ್ಟಲೆ ಓಡಾಡುವುದಕ್ಕಿಂತ ಕೈಗೆ ಬಂದ 42 ಮೇಲು ಅನ್ನಿಸಿತು.

ಹಳೆ ಕಾಯ್ದೆಯಲ್ಲಿ ಆರು ತಿಂಗಳ ಒಳಗೆ ಕೇಳಬೇಕಿತ್ತು. ಅದಕ್ಕೇ ನನ್ನ ಹಿಂದಿನ ನಾಲ್ಕು ವರ್ಷದ ದುಡಿಮೆ ನೀರಿಗೆ ಹೋಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಮೂರು ವರ್ಷ ಇದೆ. ಡಬಲ್ ರೇಟು ಅದರಲ್ಲೂ ಹಾಗೇ ಇದೆ. ಹಳೆ ಬಿಲ್ಲು, ಮೆಸೇಜು ಡಿಲೀಟ್ ಮಾಡಬೇಡಿ.

ಅಂಗಡಿಗೆ ಈಗ ಬೆರಳಚ್ಚಿನ ಮೆಷಿನ್ ಬಂದಿದೆ. 8 ದಾಟಿ ಒತ್ತಿದರೆ ದುಡ್ಡು ಕೊಡಬೇಕಾಗುತ್ತದೆ ಅಂತ ಮ್ಯಾನೇಜರ್ರೇ ನಮ್ಮನ್ನು ಹೊರಗೆ ದಬ್ಬುತ್ತಾರೆ. ಟ್ಯಾಲಿ ನಡೆಯುವುದು ಮಧ್ಯಾಹ್ನ 3ಕ್ಕೆ. ಆ ಬಿಸಿಲಿನಲ್ಲಿ ಗಿರಾಕಿ ಹೇಗೂ ಬರಲ್ಲ.