ಟ್ರಾಲಿ ತಳ್ಳಲು ನಾನು ಕಲಿತದ್ದು ಕಬ್ಬಿನ ಗದ್ದೆಯಲ್ಲಿ

ನಾನು ಗಗನಸಖಿ. ರಜೆಗೆಂದು ಮಂಡ್ಯಕ್ಕೆ ಬಂದಿದ್ದೆ. ಬೆಳಿಗ್ಗೆ ಬಿಂದಿಗೆ ಎತ್ತಲು ಬಗ್ಗಿದವಳಿಗೆ ಮತ್ತೆ ಏಳಲಾಗಲಿಲ್ಲ. ಸೊಂಟ ಹಿಡಿದುಕೊಂಡಿತ್ತು. "ಗಾಳೀಲ್ ಓಡಾಡೋಳ್ಗೆ ಸ್ವಾಂಟ ನೋವು ಎಲ್ಲಿಂದ ಬಂತವ್ವ?" ಅಂದರು ಅಜ್ಜಿ.

ಅಜ್ಜಿಗೆ ಏನೆಂದು ಹೇಳಲಿ? ಊಟ, ನೀರು ತುಂಬಿದ ದೊಡ್ಡ ಟ್ರಾಲಿ 80 ಕೆ.ಜಿ. ದಾಟುವುದುಂಟು. ವಿಮಾನ ಸಮನಾಗಿ ಹಾರುತ್ತಿದೆ ಅನ್ನಿಸಿದಾಗಲೂ ಮೂತಿ ಎರಡು ಮೂರು ಡಿಗ್ರಿ ಮೇಲಕ್ಕಿರುತ್ತದೆ. ಹಿಂದಿನ ಗ್ಯಾಲಿಯಿಂದ, ಅಂದರೆ ವಿಮಾನದ ಅಡುಗೆಕೋಣೆಯಿಂದ, ಮುಂದಕ್ಕೆ ಹೋಗುವುದೆಂದರೆ ಏರು ಹತ್ತಿದಂತೆಯೇ. ಒಂದು ಗಂಟೆಯ ಹಾರಾಟವಾದರೆ ವಿಮಾನ ಇನ್ನೂ ಮೇಲೇರುತ್ತಿರುವಾಗಲೇ ಸರ್ವಿಸ್ ಶುರು ಮಾಡಬೇಕು, ಆಗ ಏರು ಇನ್ನೂ ಕಡಿದು. ನಾನು ಹಿಂದೆ ಹಿಂದೆ ನಡೆಯುತ್ತಾ ಟ್ರಾಲಿಯನ್ನು ಎಳೆಯುತ್ತಿದ್ದೆ, ಕೈ ಪೂರ್ತಿ ಚಾಚಿ. ಕಿಟಕಿ ಸೀಟಿಗೆ ಟ್ರೇ ಕೊಡುವಾಗ ಪಾದ ಅಲ್ಲಾಡಿಸದೆ ಸೊಂಟವನ್ನಷ್ಟೇ ತಿರುಗಿಸುತ್ತಿದ್ದೆ.

ಮೈಸೂರಿನ ಫಿಸಿಯೋಥೆರಪಿಸ್ಟ್ ಒಬ್ಬರು ಇದನ್ನೆಲ್ಲ ಮಾಡಿ ತೋರಿಸಲು ಹೇಳಿ, ಖಾಲಿ ಕುರ್ಚಿಯೊಂದನ್ನು ನನ್ನ ಮುಂದಿಟ್ಟರು. ಎಳೆದು ತೋರಿಸಿದೆ. ತಪ್ಪು ನನಗೇ ಕಾಣಿಸಿತು.

ಆದರೆ ಅದು ಮನಸ್ಸಿಗೆ ನಾಟಿದ್ದು ಆ ವಾರ ನಮ್ಮ ಗದ್ದೆಯಲ್ಲಿ. ಕಬ್ಬು ಕಡಿದು ಲಾರಿಗೆ ತುಂಬುತ್ತಿದ್ದರು. ಹೊರೆ ಹೊತ್ತು ಹಲಗೆ ಏರುತ್ತಿದ್ದ ಹಿರಿಯರೊಬ್ಬರು, ನಾನು ಒಂದು ಕಟ್ಟು ಎತ್ತಲು ಹೋದದ್ದು ನೋಡಿ ಕೂಗಿದರು: "ಮೈಗ್ ಅಂಟಿಸ್ಕೊ ಕಣವ್ವ! ದೂರ ಹಿಡ್ದಷ್ಟೂ ಭಾರ. ಮಂಡಿ ಬಗ್ಸು, ಸ್ವಾಂಟ ಬ್ಯಾಡ."

ಕೆಲಸಕ್ಕೆ ಮರಳಿದ ಮೇಲೆ ಅದನ್ನೇ ಮಾಡಿದೆ. ಈಗ ಆದಷ್ಟೂ ತಳ್ಳುವ ಕಡೆ ನಿಲ್ಲುತ್ತೇನೆ. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಒಂದು ಕಾಲು ಹಿಂದಿಟ್ಟು, ಬಲವೆಲ್ಲ ತೊಡೆಯಿಂದ ತೆಗೆಯುತ್ತೇನೆ. ಟೇಕಾಫಿಗೆ ಮುಂಚೆ ಟ್ರಾಲಿಯ ಬ್ರೇಕ್ ಪೆಡಲ್ ಒತ್ತಿ ನೋಡುತ್ತೇನೆ. ಒಮ್ಮೆ ಬ್ರೇಕಿನ ಕೆಂಪು ಪೆಡಲ್ ಅರ್ಧಕ್ಕೆ ಸಿಕ್ಕಿಕೊಂಡಿದ್ದ ಟ್ರಾಲಿಯನ್ನು ಹಾಗೇ ಜಗ್ಗಿ ವಾರಗಟ್ಟಲೆ ನರಳಿದ್ದೆ. ಹಾಳಾದ ಚಕ್ರ, ಬ್ರೇಕ್ ಕಂಡರೆ ಬರೆದು ಕೊಡಿ, ಸುಮ್ಮನಾಗಬೇಡಿ ಎಂದು ಹೊಸ ಹುಡುಗಿಯರಿಗೆ ಗೋಗರೆಯುತ್ತೇನೆ. ಪದೇ ಪದೇ ಬೇಕಾಗುವ ನೀರಿನ ಬಾಟಲಿಗಳನ್ನು ಕೆಳಗಿನ ಡ್ರಾಯರ್‌ನಿಂದ ಮೇಲಕ್ಕೆ ತಂದಿಟ್ಟುಕೊಳ್ಳುತ್ತೇನೆ. ನೂರೆಂಟು ಸಲ ಬಗ್ಗುವುದು ಇದರಿಂದಲೇ ತಪ್ಪಿತು.

ನೆಗಡಿಯಿದ್ದರೆ ಹಾರುವುದಿಲ್ಲ. ಮೂಗು ಕಟ್ಟಿದಾಗ ಕಿವಿಯೊಳಗಿನ ಒತ್ತಡ ಸರಿಹೋಗದು, ಇಳಿಯುವಾಗ ಕಿವಿತಮಟೆಗೆ ಪೆಟ್ಟು ಬೀಳಬಹುದು. ಆ ದಿನ ಹುಷಾರಿಲ್ಲವೆಂದು ಸಿಕ್ ರಿಪೋರ್ಟ್ ಮಾಡಲು ಮೊದಲು ಹೆದರುತ್ತಿದ್ದೆ, ಈಗ ಇಲ್ಲ.

ಪ್ರಯಾಣಿಕರ ಬ್ಯಾಗನ್ನು ಒಬ್ಬಳೇ ಸೀಟಿನ ಮೇಲಿನ ಸಾಮಾನು ಬಿನ್‌ಗೆ ಎತ್ತುವುದನ್ನೂ ಬಿಟ್ಟೆ. 7 ಕೆ.ಜಿ. ಅನ್ನುವ ಬ್ಯಾಗ್ ಎಷ್ಟೋ ಸಲ ಅದಕ್ಕಿಂತ ಭಾರ. "ಸರ್, ಆ ಕಡೆ ನೀವು ಹಿಡೀರಿ, ಈ ಕಡೆ ನಾನು" ಅನ್ನುತ್ತೇನೆ. ಇಲ್ಲ ಅಂದವರು ಕಡಿಮೆ.